ನಾನು ಮೋಟಾರ್ ಆದದ್ದು

ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತಂತೆ. ಹೂಳು ತುಂಬಿ ತುಂಬಿ ಈಗ 105ರ ಆಸುಪಾಸಿಗೆ ಬಂದು ನಿಂತಿದೆ. ಜಾಗ ಕಳೆದುಕೊಂಡ ನೀರನ್ನು ಹಿಡಿದಿಡಲು ನಮ್ಮ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಬಜೆಟ್ ದಿನ ಟಿವಿಯಲ್ಲಿ ಊರ ಹೆಸರು ಬಂದೀತೇನೋ ಎಂದು ನಾವು ಊಟದ ತಾಟು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇವೆ. ಹಾಗೆ ಕೂತಿದ್ದ ಒಂದು ದಿನ ನನ್ನ ಹೆಂಡತಿ ರಿಮೋಟಿನ ಸೆಲ್ಲಿಗಾಗಿ ಟಿವಿ ಕೆಳಗಿನ ಡ್ರಾ ಎಳೆದಳು. ಅದು ಅರ್ಧಕ್ಕೇ ಕಚ್ಚಿಕೊಂಡಿತು.

"ಡ್ಯಾಮಿನ ಹೂಳು ಹಂಗಿರ್ಲಿ, ಮೊದಲ ಈ ಹೂಳು ತಗೀರಿ. ಇಲ್ಲಾಂದ್ರ ನನಗ ಇನ್ನೊಂದು ಸಮಾನಾಂತರ ಡ್ರಾ ಮಾಡಿಸಿ ಕೊಡ್ರಿ" ಅಂದಳು.

ಹೂಳು ಅಂದರೆ ಹಳೆಯ ಮೊಬೈಲ್‌ಗಳು. ಮನೆಯಲ್ಲಿರುವ ಜನ ನಾಲ್ಕು, ಡ್ರಾದಲ್ಲಿದ್ದ ಫೋನು ಒಂಬತ್ತು. ನಾನು ನೌಕರಿ ಸೇರಿದ ಹೊಸದರಲ್ಲಿ ಕೊಂಡ ಟಾರ್ಚಿನ ನೋಕಿಯಾ 1100. ಮದುವೆ ಮೆರವಣಿಗೆಯ ಬ್ಯಾಂಡಿಗೂ ಜಗ್ಗದ ಸ್ಪೀಕರಿನ ಚೈನಾ ಸೆಟ್ಟು. ಗಾಜು ಒಡೆದು ಜೇಡರ ಬಲೆಯಾದ ಎರಡು ಟಚ್ ಫೋನು. ಇನ್ನೊಂದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಹಿಂದಿನ ಮುಚ್ಚಳವನ್ನು ತಾನೇ ತೆಗೆದುಕೊಂಡಿತ್ತು. ಡ್ರಾ ಕಚ್ಚಿಕೊಳ್ಳಲು ಅದೇ ಕಾರಣ. ಅದನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ಚಪ್ಪಟೆ ಮಾಡಹೊರಟ ಮಗನ ಕೈಯನ್ನು ನಾನು ಸಮಯಕ್ಕೆ ಸರಿಯಾಗಿ ಹಿಡಿದೆ. ಉಬ್ಬಿದ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಈ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಯಾವುದೇ ವಸ್ತು ಕಂಡರೂ ಅದರಲ್ಲೊಂದು ಪಾಠ ಕಾಣುವುದು ನಮ್ಮ ಜಾತಿಯ ರೋಗ. ಆ ರಾತ್ರಿಯೇ ಲೆಕ್ಕ ಹಾಕಿದೆ. ಹತ್ತು ಲಕ್ಷ ಹಳೆಯ ಮೊಬೈಲ್‌ಗಳಿಂದ ಸುಮಾರು 34 ಕಿಲೋ ಚಿನ್ನ, 350 ಕಿಲೋ ಬೆಳ್ಳಿ, 16 ಟನ್ ತಾಮ್ರ ತೆಗೆಯಬಹುದೆಂದು ಅಮೆರಿಕದ ಪರಿಸರ ಇಲಾಖೆಯ ಅಂದಾಜು. ಒಂದು ಫೋನಿಗೆ 34 ಮಿಲಿಗ್ರಾಂ ಚಿನ್ನ. ಫೋನೊಂದಕ್ಕೆ ನೂರು ಗ್ರಾಂ ತೂಕ ಹಿಡಿದರೆ ಒಂದು ಟನ್ ಫೋನಿನಲ್ಲಿ 340 ಗ್ರಾಂ. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಜನ ಜೀವ ಕೈಯಲ್ಲಿ ಹಿಡಿದು ನೂರಾರು ಮೀಟರ್ ಆಳಕ್ಕಿಳಿದು ಒಂದು ಟನ್ ಅದಿರು ಎತ್ತಿದರೆ ಸಿಗುವುದು ಬೆರಳೆಣಿಕೆಯ ಗ್ರಾಂ! ಸಾಲದ್ದಕ್ಕೆ ನಮ್ಮ ಹೊಸ ತಾಲ್ಲೂಕು ಕೇಂದ್ರ ಕನಕಗಿರಿ. ಹೆಸರಿನಲ್ಲೇ ಚಿನ್ನದ ಬೆಟ್ಟ. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುತ್ತಾರೆ. ನನಗೆ ಕಣ್ಣು ಬಂದಂತಾಯಿತು.

"ನಮ್ಮ ಒಂಬತ್ತರಾಗ ಎಷ್ಟ್ ಬರತೈತಿ?" ಎಂದು ಹೆಂಡತಿ ಹಾಸಿಗೆಯಿಂದಲೇ ಕೇಳಿದಳು.

"ಮುನ್ನೂರಾರು ಮಿಲಿಗ್ರಾಂ."

"ಮೂಗಬಟ್ಟಿನ ತಿರುಪಿಗೂ ಸಾಲಂಗಿಲ್ಲ. ಲೈಟ್ ಆರಿಸ್ರಿ."

ಜೂನ್ 5ರ ಪರಿಸರ ದಿನ ಬಂತು. ಪ್ರತಿ ವರ್ಷ ಅದೇ ಗುಂಡಿಯಲ್ಲಿ ಅದೇ ಜಾತಿಯ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ನಾವು ಈ ಸಲ ಬೇರೆ ಏನಾದರೂ ಮಾಡೋಣ ಎಂದು ನಾನೇ ಎದ್ದು ನಿಂತೆ. ಮಕ್ಕಳೆದುರು ಅರ್ಧ ಗಂಟೆ ಮಾತಾಡಿದೆ. 2022ರ ಒಂದೇ ವರ್ಷ ಜಗತ್ತು ಎಸೆದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಯಾದದ್ದು ನೂರಕ್ಕೆ 22ರಷ್ಟು ಎಂದೆ. ಗುಜರಿಯಲ್ಲಿ ವೈರು ಸುಟ್ಟು, ಆ್ಯಸಿಡ್ಡಿನಲ್ಲಿ ಬೋರ್ಡು ಅದ್ದಿ ಚಿನ್ನ ತೆಗೆಯುವವರ ಪುಪ್ಪುಸದ ಗತಿ ಹೇಳಿದೆ. ಸೀಸ ನೆಲಕ್ಕಿಳಿದರೆ ಬೋರಿನ ನೀರಿಗೆ ಬರುತ್ತದೆ ಎಂದೆ. ಮಕ್ಕಳು ಆಕಳಿಸಿದರು. ಆಮೇಲೆ ಟೋಕಿಯೊ ಒಲಿಂಪಿಕ್ಸ್ ಬಿಟ್ಟೆ. ಜಪಾನಿನ ಜನ 62 ಲಕ್ಷ ಹಳೆಯ ಮೊಬೈಲ್, ಜೊತೆಗೆ ಲಾರಿಗಟ್ಟಲೆ ಬೇರೆ ಸಾಮಾನು ಕೂಡಿಸಿಕೊಟ್ಟು ಸುಮಾರು 5,000 ಪದಕಗಳಿಗೆ ಲೋಹ ಹೊಂದಿಸಿದರು ಎಂದಾಗ ಹಿಂದಿನ ಬೆಂಚು ಎದ್ದು ಕೂತಿತು.

"ಹಂಗಾರ ನೀರಜ್ ಚೋಪ್ರಾನ ಕೊಳ್ಳಾಗಿಂದು ಮೊಬೈಲ್ ಏನ್ರೀ ಸರ್?"

"ಹೌದು. ನೀವೂ ತನ್ನಿ. ಹೆಚ್ಚು ಮೊಬೈಲ್ ತಂದವರಿಗೆ ನನ್ನ ಕಡೆಯಿಂದ ಕಂಪಾಸ್ ಬಾಕ್ಸ್" ಎಂದುಬಿಟ್ಟೆ.

ಆ ವಾಕ್ಯವನ್ನು ಇವತ್ತಿಗೂ ವಾಪಸ್ ನುಂಗಲು ನೋಡುತ್ತಿದ್ದೇನೆ.

ಎರಡನೇ ದಿನಕ್ಕೆ ಸೋನಾ ಮಸೂರಿಯ 25 ಕಿಲೋ ಚೀಲ ಮುಕ್ಕಾಲು ತುಂಬಿತು. ಟಿವಿ ರಿಮೋಟು, ಕ್ಯಾಲ್ಕುಲೇಟರು, ಚಾರ್ಜರು, ಯಾವ ಕಾಲದ್ದೋ ಲ್ಯಾಂಡ್‌ಲೈನಿನ ರಿಸೀವರು, ಕೂಸಿನ ಆಟಿಕೆ ಫೋನು ಎಲ್ಲವನ್ನೂ ಬೇರ್ಪಡಿಸಿದ ಮೇಲೂ ನಮ್ಮ ಒಂಬತ್ತು ಸೇರಿ ನಲವತ್ತೇಳು ಅಸಲಿ ಮೊಬೈಲ್ ಉಳಿದವು. ಮೂರನೇ ದಿನದಿಂದ ತಾಯಂದಿರು ಬರತೊಡಗಿದರು. ಒಬ್ಬರ ಫೋನು ಹಳೆಯದಲ್ಲ, ಚಾರ್ಜಿಗೆ ಇಟ್ಟಿದ್ದಷ್ಟೇ. ಇನ್ನೊಬ್ಬರದರಲ್ಲಿ ಸ್ವಸಹಾಯ ಸಂಘದ ಓಟಿಪಿ ಬರುತ್ತಿತ್ತು. ಎದುರು ಓಣಿಯ ಅಜ್ಜಿ ಕೋಲೂರಿಕೊಂಡು ಬಂದು ಚೀಲದ ಮುಂದೆ ಕೂತಳು.

"ನನ್ ಫೋನ್ ಕೊಡಪಾ."

"ಅಜ್ಜಿ, ಅದು ಹತ್ತೋದೇ ಇಲ್ಲ. ಬ್ಯಾಟರಿನೇ ಇಲ್ಲ ಅದರೊಳಗ."

"ಹತ್ತದಿದ್ರ ಏನಾತು? ಮುದುಕ ದಿನಾ ಅದನ್ನ ಅಂಗಿ ಕಿಸೆದಾಗ ಇಟಗೊಂಡು ಅಡ್ಡಾಡತಿದ್ದ."

ಕೊಟ್ಟೆ. ಪರಿಸರದ ಬಗ್ಗೆ ಅರ್ಧ ಗಂಟೆ ಮಾತಾಡುವ ನನಗೆ ಅದಕ್ಕೆ ಎದುರಾಡಲು ಅರ್ಧ ಮಾತೂ ಸಿಗಲಿಲ್ಲ. ಹೀಗೆ ಕೊಟ್ಟು ಕೊಟ್ಟು ಮೂವತ್ತೆಂಟಕ್ಕಿಳಿದೆ.

ನಮ್ಮೂರಲ್ಲಿ ಹಳೇ ಫೋನು ಎಂಬ ವಸ್ತುವೇ ಇಲ್ಲ ಎನ್ನುವುದು ಆಗ ತಿಳಿಯಿತು. ಮಗ ಬಿಟ್ಟದ್ದು ಅಪ್ಪನಿಗೆ, ಅಪ್ಪ ಬಿಟ್ಟದ್ದು ಅವ್ವನಿಗೆ, ಅವ್ವನ ಕೈಯಲ್ಲಿ ಬಟನ್ ಸವೆದದ್ದು ಹೊಲದ ಗುಡಿಸಲಿಗೆ ಹೋಗಿ ಮೆಮೊರಿ ಕಾರ್ಡಿನ ಹಾಡು ಹಾಡುತ್ತದೆ. ಹಾಡುವುದೂ ನಿಂತರೆ ನಾಯಿ ಬೊಗಳಿದ ಸದ್ದು ತುಂಬಿಸಿ ಹಂದಿ ಓಡಿಸಲು ಕಟ್ಟುತ್ತಾರೆ. ಮರುಬಳಕೆ ಎಂಬ ಶಬ್ದವನ್ನು ಬೋರ್ಡಿನ ಮೇಲೆ ಬರೆದವನು ನಾನು, ಅದನ್ನು ಮಾಡುತ್ತಿದ್ದವರು ನನ್ನ ಚೀಲದ ಮುಂದೆ ಕ್ಯೂ ನಿಂತಿದ್ದರು. ಇಷ್ಟು ತಿಳಿದ ಮೇಲೆ ಚೀಲದ ಬಾಯಿ ಕಟ್ಟಿ ಸುಮ್ಮನಾಗಬೇಕಿತ್ತು.

ಅವತ್ತು ರಾತ್ರಿ ಹನ್ನೊಂದೂವರೆಗೆ ಮನೆಯಲ್ಲಿಟ್ಟಿದ್ದ ಚೀಲ ರಿಂಗಣಿಸಿತು.

ಮೊದಲು ಕನಸು ಅಂದುಕೊಂಡೆ. ಆಮೇಲೆ ಹೆಂಡತಿಯ ಮೊಣಕೈ ಬಿತ್ತು. ಎದ್ದು ಚೀಲ ಸುರುವಿ ಮೂವತ್ತೆಂಟರಲ್ಲಿ ಮಿನುಗುತ್ತಿದ್ದ ಒಂದನ್ನು ಹೆಕ್ಕಿ "ಹಲೋ" ಎಂದೆ. ಆಚೆ ಮಾತಿಲ್ಲ. 'ಪಿಂಯ್' ಎಂದು ಒಂದು ಬಟನ್ ಒತ್ತಿದ ಸದ್ದು. ಮತ್ತೆ 'ಪಿಂಯ್'.

"ಹಲೋ, ಯಾರ್ರೀ?"

ಆಚೆ ಕಡೆ ಉಸಿರು ನಿಂತಿತು. ಆಮೇಲೆ ಸಿಡಿಲು ಬಡಿದಂತೆ: "ಯಾವಲೇ ನೀ? ನಮ್ಮ ಮೋಟರ್‍ನ್ಯಾಗ ಏನ್ ಮಾಡಾಕತ್ತೀ?"

ಗೊತ್ತಿಲ್ಲದವರಿಗೆ ಹೇಳಬೇಕು. ತ್ರೀಫೇಸ್ ಕರೆಂಟು ನಮ್ಮಲ್ಲಿ ನಡುರಾತ್ರಿಯಲ್ಲಿ ಬಂದರೂ ಬಂತು. ಹಾವು ಚೇಳಿನ ನಡುವೆ ಹೊಲಕ್ಕೆ ಹೋಗಿ ಪಂಪ್‌ಸೆಟ್ ಹಚ್ಚುವ ಬದಲು ರೈತರು ಸ್ಟಾರ್ಟರ್ ಡಬ್ಬಿಗೆ ಮೊಬೈಲ್ ಜೋಡಿಸುತ್ತಾರೆ. ಪುಣೆಯ ಸಂತೋಷ್ ಓಸ್ತವಾಲ್ 'ನ್ಯಾನೊ ಗಣೇಶ' ಎಂಬ ಹೆಸರಿನಲ್ಲಿ ಇಂಥದ್ದೊಂದು ಸಾಧನ ಮಾಡಿ ಹೆಸರಾದರು. ಈಗ ಸಿಮ್ ಹಾಕುವ ಸಿದ್ಧ ಡಬ್ಬಿಗಳೇ ಸಿಗುತ್ತವೆ. ಆದರೆ ಫೋನಿನ ಆಚೆ ಇದ್ದ ದೊಡ್ಡಪ್ಪನದು ಹಳೆಯ ಕಾಲದ ಏರ್ಪಾಡು: ಒಂದು ಕೀಪ್ಯಾಡ್ ಫೋನು, ಅದರ ಇಯರ್‌ಫೋನ್ ತೂತಿಗೆ ಒಂದು ವೈರು. ಮನೆಯಲ್ಲಿ ಮಲಗಿಕೊಂಡೇ ಫೋನ್ ಹಚ್ಚಿದರೆ ಅದು ತಾನೇ ಎತ್ತುತ್ತದೆ, ಒಂದು ಒತ್ತಿದರೆ ಮೋಟಾರ್ ಚಾಲೂ, ಎರಡು ಒತ್ತಿದರೆ ಬಂದ್. ಅವರ ಮೊಮ್ಮಗ ನನ್ನ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು. ಕಂಪಾಸ್ ಬಾಕ್ಸಿನ ಆಸೆಗೆ ಹೊಲದ ಡಬ್ಬಿಯಿಂದ ಅದನ್ನೇ ಕಿತ್ತು ತಂದಿದ್ದ. ವೈರು ಕಿತ್ತ ಮೇಲೆ ತಾನೇ ಎತ್ತುವ ಗುಣ ಅದಕ್ಕೆ ಎಲ್ಲಿಂದ ಬರಬೇಕು? ನಾನು ಎತ್ತಿದೆ.

"ದೊಡ್ಡಪ್ಪ, ನಾನು... ಮಾಸ್ತರ."

"ಮಾಸ್ತರ? ಇಷ್ಟೊತ್ತಿನ್ಯಾಗ ನೀವ್ಯಾಕ ಬಂದ್ರಿ ನಮ್ಮ ಹೊಲಕ್ಕ?"

"ನಾನು ಮನ್ಯಾಗದೀನಿ."

"ಮತ್ತ ಮೋಟರ್ ಎಲ್ಲೈತಿ?"

ಕೇಬಲ್ ಕಳ್ಳರು ಬಂದಿದ್ದಾರೆಂದು ಅವರು ಅಷ್ಟರಲ್ಲೇ ಓಣಿಯ ನಾಲ್ಕು ಹುಡುಗರನ್ನು ಬಡಿಗೆ ಕೊಟ್ಟು ಹೊಲಕ್ಕೆ ಓಡಿಸಿಯಾಗಿತ್ತು. ಭತ್ತದ ಸಸಿ ಮಡಿ ಒಣಗುತ್ತಿದೆ, ಕರೆಂಟು ಎಷ್ಟು ಹೊತ್ತು ಇರುತ್ತದೋ ಯಾರು ಬಲ್ಲರು? ಫೋನ್ ಕಿಸೆಗೆ ಹಾಕಿಕೊಂಡು ಲುಂಗಿಯಲ್ಲೇ ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಭೋಗಾಪುರೇಶನ ಗುಡಿಯ ದಿಕ್ಕಿಗೆ ಒಂದು ಕೈಯಲ್ಲೇ ನಮಸ್ಕಾರ ಹೊಡೆದೆ. ಬಡಿಗೆ ಹಿಡಿದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವರಿಗೆ ನಾನು ಬಡಿಗೆಯಿಂದ ಕಲಿಸಿದ ಕಾಲವೂ ಇತ್ತು, ಹೀಗಾಗಿ ದೂರದಿಂದಲೇ ಹೆಸರು ಹೇಳಿಕೊಂಡು ಹೋದೆ.

ನನ್ನ ಟಚ್ ಫೋನಿನ ಟಾರ್ಚ್ ಹಲ್ಲಿನಲ್ಲಿ ಕಚ್ಚಿಕೊಂಡು, ಕೀಪ್ಯಾಡಿನ ತೂತಿಗೆ ವೈರು ಸಿಕ್ಕಿಸಿದೆ. ದೊಡ್ಡಪ್ಪ ಊರಿಂದ 'ಒಂದು' ಒತ್ತಿದರು. ಮೋಟಾರ್ ಗುಂಯ್ ಎಂದಿತು, ನೀರು ಧುಮುಕಿತು. ವಿಜ್ಞಾನದ ಮಾಸ್ತರನಿಗೆ ಸಂತೋಷ ತಡೆಯಲಾಗಲಿಲ್ಲ. "ಬಂತು!" ಎಂದು ಬಾಯಿ ತೆರೆದೆ.

ಹಲ್ಲಿನಲ್ಲಿದ್ದ ಹದಿನೆಂಟು ಸಾವಿರ ರೂಪಾಯಿಯ ಫೋನು ನೀರಿನ ಕಾಲುವೆಗೆ ಬಿತ್ತು. ಕೆಸರಿನೊಳಗೆ ಅದರ ಟಾರ್ಚು ಒಂದೆರಡು ನಿಮಿಷ ಹಳದಿಯಾಗಿ ಉರಿಯಿತು. ಹಾಗಾಗಿ ಸಿಕ್ಕಿತು. ಸಿಕ್ಕ ಮೇಲೆ ಆರಿತು.

ಮನೆಯಲ್ಲಿ ಹೆಂಡತಿ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಳು. ಅಕ್ಕಿಯಲ್ಲಿ ಇಡಬೇಡಿ, ಅದರ ಸಣ್ಣ ಕಣ ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ಹೇಳಿದೆ ಎಂದೆ. ಭತ್ತದ ಕಣಜದಲ್ಲಿ ಹುಟ್ಟಿ ಬೆಳೆದವಳ ಮುಂದೆ ಅಕ್ಕಿಯನ್ನು ಆಡಿಕೊಳ್ಳಬಾರದು. "ಅವ್ರದು ಯಾವ ಅಕ್ಕಿನೋ. ಇದು ನಮ್ಮ ಗಂಗಾವತಿ ಸೋನಾ" ಅಂದಳು. ಮೂರು ದಿನ ಬಿಟ್ಟು ತೆಗೆದಾಗ ಫೋನು ಒಣಗಿತ್ತು, ಸತ್ತಿತ್ತು. ಆ ಡಬ್ಬದ ಅನ್ನವನ್ನೇ ಉಂಡೆವು.

ಕೀಪ್ಯಾಡ್ ಹೊಲಕ್ಕೆ ಮರಳಿದ್ದರಿಂದ ಮೂವತ್ತೇಳು, ನನ್ನದು ಸೇರಿ ಮತ್ತೆ ಮೂವತ್ತೆಂಟು. ಪರಿಸರಕ್ಕೆ ನಾನೇ ಬಡ್ಡಿ ಕಟ್ಟಿದಂತಾಯಿತು.

ಆದರೂ ಕೈಬಿಡಲಿಲ್ಲ. 2005ರಷ್ಟು ಹಿಂದೆಯೇ ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಮರುಬಳಕೆ ಘಟಕ ಶುರುವಾಗಿದ್ದು ನನಗೆ ಗೊತ್ತಿತ್ತು. 2012ರಿಂದ ದೇಶದಲ್ಲಿ ಇದಕ್ಕೆಂದೇ ನಿಯಮ ಜಾರಿಯಲ್ಲಿದೆ. ಮಾರಿದ ಕಂಪನಿಗಳೇ ಹಳೆಯದರ ಹೊಣೆ ಹೊರಬೇಕು ಎಂಬುದೂ ಅದರಲ್ಲಿದೆ. ಅಂಥದ್ದೊಂದು ಘಟಕಕ್ಕೆ ಪಾರ್ಸಲ್ ಮಾಡಿಬಿಡೋಣ ಎಂದು ಚೀಲ ಹೊತ್ತು ಗಂಗಾವತಿಗೆ ಹೋದೆ. ಪಾರ್ಸಲ್ ಹುಡುಗ ಚೀಲ ಮುಟ್ಟಿ ನೋಡಿ "ಬ್ಯಾಟರಿ ಅದಾವೇನ್ರಿ?" ಎಂದ. ಇವೆ ಎಂದೆ. "ಹಂಗಾರ ಆಗಂಗಿಲ್ರಿ, ಹತ್ತಿ ಉರಿತಾವು." ಮಗನಿಗೆ ನಾನು ಹೇಳಿದ್ದ ಪಾಠವನ್ನೇ ಅವನು ನನಗೆ ಒಪ್ಪಿಸಿದ. ಜಗಳಾಡಲು ಬಾಯಿ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಯಾರದೋ ಫೋನಿನಲ್ಲಿ ಎಂದೋ ಇಟ್ಟ ಅಲಾರಂ. ಹಳೆಯ ನೋಕಿಯಾಗಳು ಸ್ವಿಚ್ ಆಫ್ ಮಾಡಿದರೂ ಅಲಾರಮ್ಮಿಗೆ ಮಾತ್ರ ಎಚ್ಚರವಾಗುತ್ತವೆ. ಚೀಲದೊಳಗೆ ಕೋಳಿ ಕೂಗತೊಡಗಿತು. ಚೀಲದ ಬಾಯಿ ಬಿಚ್ಚಿದ್ದೇ ತಪ್ಪಾಯಿತು. ಪಕ್ಕದವರು ಒಳಗೆ ಇಣುಕಿದರು, ಹಿಂದಿನವರು ಎದ್ದು ನಿಂತು ಇಣುಕಿದರು.

"ಇಷ್ಟ್ ಮೊಬೈಲಾ?" ಎಂದರು ಒಬ್ಬರು. ಇನ್ನೊಬ್ಬರಿಗೆ ಪೇಪರ್ ಓದುವ ಚಟ. 2024ರಲ್ಲಿ ಹಳ್ಳಿ ಹಳ್ಳಿ ತಿರುಗಿ ಪ್ಲಾಸ್ಟಿಕ್ ಸಾಮಾನು ಕೊಟ್ಟು ಕೆಲವರು ಕೂಡಿಸಿದ್ದ ಸುಮಾರು 4,000 ಹಳೇ ಮೊಬೈಲ್‌ಗಳನ್ನು ತೆಲಂಗಾಣದ ರಾಮಗುಂಡಂ ಪೊಲೀಸರು ಹಿಡಿದದ್ದು, ಅವು ಸೈಬರ್ ವಂಚಕರ ಕೈಗೆ ಹೋಗುತ್ತಿದ್ದದ್ದು, ಎಲ್ಲವನ್ನೂ ಬಸ್ಸಿಗೆಲ್ಲ ಕೇಳುವಂತೆ ವಿವರಿಸಿದರು. ವಿವರ ಸರಿಯಾಗಿಯೇ ಇತ್ತು. ತರಗತಿಯಲ್ಲಿ ನಾನೇ ಅದನ್ನು ಹೇಳಬೇಕಿತ್ತು, ಮರೆತಿದ್ದೆ.

"ಇದು ಪರಿಸರಕ್ಕಾಗಿ ಕೂಡಿಸಿದ್ದು" ಎಂದೆ.

"ಮತ್ತ ಅವ್ರೇನು ತಮಗಂತ ಹೇಳ್ತಾರೇನ್ರೀ?" ಎಂದರು ಕಂಡಕ್ಟರ್.

ಕೋಳಿ ಕೂಗುತ್ತಲೇ ಇತ್ತು. ಕೊನೆಗೆ ಹಿಂದಿನ ಸೀಟಿನಿಂದ ಒಂದು ದನಿ ಬಂತು. "ಏ, ಬಿಡ್ರಿ ಅವ್ರನ್ನ. ನಮ್ಮ ಮೋಟರ್ ಮಾಸ್ತರ ಅವ್ರು."

ನಗು ನವಲಿ ಬರುವವರೆಗೂ ನಿಲ್ಲಲಿಲ್ಲ.

ಚೀಲ ಈಗ ಮಂಚದ ಕೆಳಗಿದೆ. ಉಬ್ಬಿದ ಬ್ಯಾಟರಿಯನ್ನು ಮರಳಿನ ಡಬ್ಬಿಯಲ್ಲಿಟ್ಟು ಹಿತ್ತಿಲಿನಲ್ಲಿ ಇಟ್ಟಿದ್ದೇನೆ. ಬೆಂಗಳೂರಿಗೆ ನಾನೇ ಹೋಗುವ ದಿನ ಎಲ್ಲವನ್ನೂ ಒಯ್ದು ಮುಟ್ಟಿಸುತ್ತೇನೆ ಎಂದು ಹೆಂಡತಿಗೆ ಹೇಳಿದ್ದೇನೆ. ಆ ದಿನ ಮತ್ತು ನಮ್ಮೂರ ಜಲಾಶಯ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಅವಳು ಕೇಳುತ್ತಿರುತ್ತಾಳೆ. ಹೊಸ ಫೋನ್ ಕೊಳ್ಳಲು ಮನಸ್ಸು ಬಾರದೆ ಚೀಲದಿಂದ ನನ್ನ 1100 ತೆಗೆದು, ಗಂಗಾವತಿಯಿಂದ ಒಂದು ಬ್ಯಾಟರಿ ತಂದು ಹಾಕಿ, ಸಿಮ್ ಸೇರಿಸಿದೆ. ಹತ್ತಿತು. ಚೀಲ ಈಗ ಮೂವತ್ತೇಳು.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅದು ರಿಂಗಣಿಸಿತು.

"ಮಾಸ್ತರ, ಡಬ್ಬ್ಯಾಗಿನ ಫೋನ್ ಎತ್ತವಲ್ದು. ಹೊಲಕ್ಕ ಒಂದೀಟು ಹೋಗಿ ಬರ್ತೀರೇನು? ಹುಡುಗ ನಿಮ್ಮ ನಂಬರ್ ನನ್ನ ಫೋನ್ಯಾಗ 'ಮೋಟರ್ ಎರಡು' ಅಂತ ಹಾಕಿ ಕೊಟ್ಟಾನ."

1100ರ ಟಾರ್ಚ್ ಹಚ್ಚಿಕೊಂಡು ಚಪ್ಪಲಿ ಹುಡುಕಿದೆ.