ಬೀಟೆ ನಾಡಿನ ಪ್ಲೈವುಡ್ ಗಿಟಾರು

ಆರು ಸಾವಿರದ ಗಿಟಾರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಣಕಲ್‌ಗೆ ತಂದ ದಿನ ಅದರ ಪರೀಕ್ಷೆಗೆ ನಿಂತವರು ನಮ್ಮ ಭಾವ. ಸಂಗೀತದ ಗಂಧವಿಲ್ಲದಿದ್ದರೂ ಕಾಫಿ ವ್ಯಾಪಾರದಲ್ಲಿ ಪಳಗಿದವರು. ಒಂದು ಹಿಡಿ ಚೆರ್ರಿ ನೋಡಿದರೆ ಸಿಪ್ಪೆ ಕಳೆದು ಉಳಿಯುವ ಬೀಜದ ತೂಕ, ಅಂದರೆ ಔಟ್‌ಟರ್ನ್ ಎಷ್ಟೆಂದು ಹೇಳಿಬಿಡುತ್ತಾರೆ. ಗಿಟಾರನ್ನು ಮಗುಚಿ, ಹಲಸಿನ ಹಣ್ಣಿಗೆ ಬಡಿದ ಹಾಗೆ ಬೆನ್ನಿಗೆರಡು ಬಡಿದರು.

“ಒಳಗೆ ಎಂತದೂ ಇಲ್ವಲ್ಲ ಮಾರಾಯ.”

“ಖಾಲಿ ಇದ್ರೇ ಭಾವ, ಸದ್ದು ಬರೋದು.”

“ಹಂಗಾದ್ರೆ ಗಾಳಿಗೆ ಆರು ಸಾವಿರ!”

ನನ್ನ ಪರೀಕ್ಷೆ ಇನ್ನೂ ಕ್ರೂರವಾಗಿತ್ತು. ಮುಂಭಾಗ ಒಂದೇ ಹಲಗೆಯದಾದರೆ ಮರದ ಗೆರೆ ಸದ್ದಿನ ಕಂಡಿಯ ಅಂಚಿನಲ್ಲೂ ಹಾಗೇ ಕೆಳಗಿಳಿಯುತ್ತದೆ. ಇದರ ಅಂಚಿನಲ್ಲೋ, ಕೊಟ್ಟಿಗೆಹಾರದ ನೀರುದೋಸೆ ಪೇರಿಸಿಟ್ಟಂತೆ ಪದರ ಪದರ. ಪ್ಲೈವುಡ್! ಬೆರಳೊತ್ತುವ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಅರ್ಧ ಕಪ್ಪು ಬಟ್ಟೆಗೆ ಬಂತು. ಹೊಟ್ಟೆ ಉರಿದದ್ದು ಆಗ. ಲೋಕದ ಎಷ್ಟೋ ಒಳ್ಳೊಳ್ಳೆಯ ಗಿಟಾರುಗಳ ಬೆನ್ನು, ಪಕ್ಕೆ, ಪಟ್ಟಿಗಳಿಗೆ ಬಳಸುವುದು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಲಗಾಮು ಬಿತ್ತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಭಾವನ ತೋಟದಲ್ಲೇ ಎರಡು ಬೀಟೆ ಮರಗಳು ಮೆಣಸಿನ ಬಳ್ಳಿ ಹೊತ್ತು ನಿಂತಿವೆ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೊಡಲಿ ತಾಗಿಸುವಂತಿಲ್ಲ. ಬೀಟೆಯ ನೆರಳಲ್ಲಿ ಕೂತು ಬಣ್ಣ ಬಳಿದ ಕಟ್ಟಿಗೆ ಮೀಟುವ ಯೋಗ ನನ್ನದು.

ಇನ್ನು ತಂತಿಯ ಎತ್ತರ. ಹನ್ನೆರಡನೇ ಮೆಟ್ಟಿಲ ಬಳಿ ಎರಡೂವರೆ ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಬೆರಳು ಬದುಕುತ್ತದೆ. ಸ್ಕೇಲು ಸಿಗಲಿಲ್ಲ. ಭಾವ ಜೇಬಿನಿಂದ ದಪ್ಪನೆಯ ಎ ಗ್ರೇಡ್ ಕಾಫಿ ಬೀಜ ತೆಗೆದು ತಂತಿಯಡಿ ತೂರಿಸಿದರು. ಸಲೀಸಾಗಿ ಆಚೆ ಬಂತು.

“ಎ ಗ್ರೇಡು ಪಾಸಾಯ್ತು!” ಎಂದು ಹಿಗ್ಗಿದರು. ಪಾಸಾದರೆ ನಾನು ಫೇಲು ಎಂಬುದನ್ನು ಅವರಿಗೆ ಬಿಡಿಸಿ ಹೇಳಲು ಒಂದು ಲೋಟ ಕಾಫಿ ಖರ್ಚಾಯಿತು. ತಂತಿಗಳ ಬುಡದ ಬಿಳಿ ಪಟ್ಟಿಯನ್ನು ಕಳಚಿ, ತಳವನ್ನು ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ, ಸಿ ಗ್ರೇಡಿನ ಚೂರುಬೀಜವೂ ಸಿಕ್ಕಿಕೊಳ್ಳುವಷ್ಟು ಇಳಿಸಿದೆ. ನುಡಿಸಿದರೆ, ಪರವಾಗಿಲ್ಲ, ಶ್ರುತಿ ನಿಲ್ಲುತ್ತಿತ್ತು. ಅಕ್ಕ ಮಾತ್ರ ನಾಯಿಯನ್ನು ಹೊರಗೆ ಕಟ್ಟಿದಳು.

ಅಷ್ಟರಲ್ಲಿ ಚಾರ್ಮಾಡಿ ಕಡೆಯಿಂದ ಮಳೆ ಹತ್ತಿತು. ಬಟ್ಟೆ ಒಣಗದ, ಉಪ್ಪು ನೀರಾಗುವ ತಿಂಗಳು. ಇಂಥ ಥಂಡಿಗೆ ಒಂಟಿ ಹಲಗೆಗಿಂತ ಪ್ಲೈವುಡ್ಡೇ ತಾಳುತ್ತದೆಂದು ಆಗ ನನ್ನ ಗಿಟಾರಿನ ಮೇಲೆ ಗೌರವ ಮೂಡಿತು. ಉಳಿದದ್ದು ಜುಲೈವರೆಗೆ. ಗಿಟಾರಿನ ಹೊಟ್ಟೆ ಮೆಲ್ಲಗೆ ಉಬ್ಬಿ, ತಂತಿ ಮತ್ತೆ ಮೇಲೇರಿತು. ಭಾವ ಕೊಡೆ ಮಡಚಿ ಒಳಗೆ ಬಂದವರು, ಈ ಸಲ ದುಂಡನೆಯ ಪೀಬೆರಿ ಬೀಜವೊಂದನ್ನು ತಂತಿಯಡಿ ಉರುಳಿಸಿ ನೋಡಿದರು.

“ಮಾರಾಯ, ಈಗ್ಲೇ ಮಾರಬೇಡ,” ಎಂದರು, “ಏರ್ತಾ ಉಂಟು.”