ಗೋಡೆ ಒಡೆಯೋ ಮುಂಚೆ

ಮಹೇಶ, ಒಂದ್ನಿಮಿಷ ಆ ಡ್ರಿಲ್ ಕೆಳಗಿಟ್ಟು ಬೇಲಿ ಹತ್ತಿರ ಬಾರಪ್ಪ. ಬಾತ್‌ರೂಮ್ ಒಡೀತೀನಿ ಅಂತ ರಶ್ಮಿ ಹೇಳಿದ್ಳು. ಇನ್ನೂ ಶುರು ಮಾಡಿಲ್ಲ ತಾನೆ? ಸದ್ಯ!

ಈ ಮನೆ ಯಾವ ಇಸವಿದು? 1962? ಹಾಗಾದ್ರೆ ಟೈಲ್ಸ್ ಹಿಂದಿನ ಶೀಟಲ್ಲಿ ಆಸ್ಬೆಸ್ಟಾಸ್, ಅಂದ್ರೆ ಕಲ್ನಾರು, ಇದೆ ಅಂತಲೇ ತಿಳ್ಕೊ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟ್ಟಿಗೆಗೆ ಬರ, ಮನೆ ಬೇಕು ಅನ್ನೋವ್ರು ಲಕ್ಷಾಂತರ. ಆಗ ಸಿಡ್ನಿಯ ನಮ್ಮ ಟೂಂಗಬಿ ಕಡೆಯೆಲ್ಲ ಅಗ್ಗದ, ಕಲ್ನಾರು ಬೆರೆಸಿದ ಫೈಬ್ರೊ ಶೀಟು ಹೊಡೆದು ಮನೆ ಎಬ್ಬಿಸಿದ್ರು. ಆಸ್ಟ್ರೇಲಿಯಾದಲ್ಲಿ ಪೂರ್ತಿ ನಿಷೇಧ ಬಂದಿದ್ದು 2003ರ ಡಿಸೆಂಬರ್ 31ಕ್ಕೆ. 1990ಕ್ಕಿಂತ ಹಿಂದಿನ ಮನೆ ಆದ್ರೆ ಇದೆ ಅಂದ್ಕೊಂಡೇ ಹೆಜ್ಜೆ ಇಡ್ಬೇಕು. ಮೂರು ಮನೇಲಿ ಒಂದ್ರಲ್ಲಿ ಇದೆ ಅಂತ ಸರ್ಕಾರವೇ ಹೇಳುತ್ತೆ.

ಏನಂದೆ? ಊರಲ್ಲಿ ಕೊಟ್ಟಿಗೆಗೂ ಇದೇ ಶೀಟು ಹೊದಿಸ್ತೀವಿ ಅಂತಾನಾ? ನಿಜ, ಭಾರತದಲ್ಲಿ ಇವತ್ತಿಗೂ ಅಂಗಡೀಲಿ ಸಿಗುತ್ತೆ. ಗರಗಸದಲ್ಲಿ ಕೊಯ್ಯೋ ಹುಡುಗರ ಮುಖವೆಲ್ಲ ಧೂಳು. ಶ್ವಾಸಕೋಶಕ್ಕೆ ಊರು ಯಾವುದಾದ್ರೇನು?

ನೋಡಿದ್ರೆ ಗೊತ್ತಾಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಸುಳಿವು ಸಿಗುತ್ತೆ, ಅಷ್ಟೆ. ಶೀಟುಗಳ ಸಂದಿಗೆ ಪಟ್ಟಿ ಹೊಡೆದಿರ್ತಾರೆ, ಕೆಲವು ಶೀಟಿನ ಬೆನ್ನಲ್ಲಿ ಸಣ್ಣ ಸಣ್ಣ ಗುಳಿ ಇರುತ್ತೆ. ಆದ್ರೆ ಕಲ್ನಾರಿನ ಬದಲು ಮರದ ನಾರು ಹಾಕಿ ಮಾಡಿದ ಶೀಟು ಬಂತಲ್ಲ, ಅದೂ ಅದೇ ಬೂದು ಬಣ್ಣ, ಅದೇ ದಪ್ಪ. ಪಕ್ಕಪಕ್ಕ ಇಟ್ರೆ ಹಳೇ ಬಡಗಿಯೂ ಆಣೆ ಮಾಡಿ ಹೇಳಲಾರ. ಕಲ್ನಾರಿನ ಎಳೆ ಇದೆಯೋ ಇಲ್ವೋ ಅಂತ ಹೇಳೋದು ಲ್ಯಾಬಿನ ಮೈಕ್ರೋಸ್ಕೋಪೇ. ಬಾತ್‌ರೂಮ್ ಒಂದೇ ಅಲ್ಲ, ಸೂರಿನಂಚಿನ ಕೆಳಗಿನ ಹಲಗೆ, ಲಾಂಡ್ರಿ ಗೋಡೆ, ಹಳೇ ವಿನೈಲ್ ನೆಲದ ಅಡಿಪದರ, ಕರೆಂಟ್ ಮೀಟರ್ ಹಿಂದಿನ ಕಪ್ಪು ಹಲಗೆ, ಎಲ್ಲದರ ಮೇಲೂ ಕಣ್ಣಿಡು.

ಹೆದರಿಸ್ತಿಲ್ಲ ಕಣಪ್ಪ. ಒಡೆಯದೆ, ಬಿರುಕು ಬಿಡದೆ, ಪೇಂಟ್ ಹೊದ್ದು ಕೂತ ಶೀಟು ಅದರ ಪಾಡಿಗಿರುತ್ತೆ. ಕೊರೆದಾಗ, ಉಜ್ಜಿದಾಗ, ಜೋರಾಗಿ ನೀರು ಚಿಮ್ಮಿಸಿ ತೊಳೆದಾಗ ಏಳೋ ಧೂಳೇ ಯಮ. ಎದೆಗೆ ಹೋದ ಎಳೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ್ಮೇಲೂ ಕ್ಯಾನ್ಸರ್ ಆಗಿ ಏಳಬಹುದು. ಇಲ್ಲೇ ಪ್ಯಾರಾಮಟ್ಟ ಪಕ್ಕ ಕಮೀಲಿಯಾದಲ್ಲಿ ಆಸ್ಬೆಸ್ಟಾಸ್ ಸರಕು ಮಾಡೋ ಜೇಮ್ಸ್ ಹಾರ್ಡಿ ಕಾರ್ಖಾನೆ ಇತ್ತು. 70ರ ದಶಕದ ಆರಂಭದಲ್ಲಿ ಅಲ್ಲಿ ದುಡಿದ ಬರ್ನಿ ಬ್ಯಾಂಟನ್, ಮೂಗಿಗೆ ಆಕ್ಸಿಜನ್ ನಳಿಕೆ ಹಾಕ್ಕೊಂಡೇ ಸಹಕಾರ್ಮಿಕರ ಪರಿಹಾರಕ್ಕೆ ಹೋರಾಡಿದ್ರು. 2007ರ ನವೆಂಬರ್‌ನಲ್ಲಿ ಮೀಸೋಥೀಲಿಯೋಮಾ ಅನ್ನೋ ಆಸ್ಬೆಸ್ಟಾಸ್ ಕ್ಯಾನ್ಸರ್ ಅವರನ್ನ ತಗೊಂಡು ಹೋಯ್ತು.

ಹಳೇ ಕಥೆ ಅನ್ಬೇಡ. 2024ರ ಜನವರಿಯಲ್ಲಿ ಸಿಡ್ನಿಯ ರೋಜೆಲ್ ಪಾರ್ಕಿನ ಗಿಡಗಳ ಬುಡಕ್ಕೆ ಹಾಕಿದ ಮರದ ಚಕ್ಕೇಲಿ ಆಸ್ಬೆಸ್ಟಾಸ್ ಚೂರು ಸಿಕ್ತು. ಆಮೇಲೆ ಸಿಡ್ನಿಯಲ್ಲಿ ಎಷ್ಟು ಕಡೆ! ಏಪ್ರಿಲ್‌ನಲ್ಲಿ ಮೆಲ್ಬರ್ನ್‌ನ ಸ್ಪಾಟ್ಸ್‌ವುಡ್ ಪಾರ್ಕಲ್ಲೂ ಸಿಕ್ತು. ನನ್ನ ತಂಗಿ ಮಗಳು ಅದೇ ಪಾರ್ಕಿಗೆ ಮಗೂನ ಕರ್ಕೊಂಡು ಹೋಗ್ತಿದ್ದೋಳು, ಫೋನ್ ಮಾಡಿ ಅತ್ತಿದ್ಳು.

ಈಗ ಏನ್ಮಾಡ್ಬೇಕು ಅಂದ್ರೆ, ಪರಿಣತರನ್ನ ಕರೆಸು. ಅವರು ನೀರು ಚಿಮುಕಿಸಿ, ಹೆಬ್ಬೆರಳ ಉಗುರಷ್ಟು ಚೂರು ತೆಗೆದು, ಎರಡು ಕವರಲ್ಲಿ ಮುಚ್ಚಿ, ಲ್ಯಾಬುಗಳಿಗೆ ಮಾನ್ಯತೆ ಕೊಡೋ ನಾಟಾ ಸಂಸ್ಥೆ ಒಪ್ಪಿದ ಲ್ಯಾಬಿಗೆ ಕಳಿಸ್ತಾರೆ. ಇದೆ ಅಂತ ಬಂದ್ರೆ, ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 10 ಚದರ ಮೀಟರ್ ಮೀರಿದ ಗಟ್ಟಿ ಶೀಟು ತೆಗೆಯೋಕೆ ಲೈಸೆನ್ಸ್ ಇರೋವ್ರೇ ಬೇಕು. ಕೈಯಲ್ಲಿ ಹಿಸುಕಿದ್ರೆ ಪುಡಿಯಾಗೋ ಸರಕಾದ್ರೆ ಚೂರಿದ್ರೂ ಅಷ್ಟೇ. 10ರ ಒಳಗಿದ್ರೂ ನೀನು ಕೈ ಹಾಕ್ಬೇಡ, ಮನೇಲಿ ಮಗು ಇದೆ.

ಟೆಸ್ಟಿಗೆ ಆಗೋ ಖರ್ಚು ಹೊಸ ಟೈಲ್ಸಿನ ಮುಂದೆ ಏನೂ ಅಲ್ಲ. ವರದಿ ಕೈಗೆ ಬರೋವರೆಗೂ ಆ ಗೋಡೆಗೆ ಒಂದು ಮೊಳೇನೂ ಹೊಡೀಬೇಡ.