ರೆಫರಿ-ನಿಂದಾ ಮೀಮಾಂಸೆ: ಆಸ್ಟ್ರೇಲಿಯಾದ ರಗ್ಬಿ ಲೀಗ್ ಅಭಿಮಾನಿಗಳ ಪ್ರಮಾಣಶಾಸ್ತ್ರಕ್ಕೊಂದು ಪೀಠಿಕೆ

ಶಿಳ್ಳೆ ಊದಿದವನಿಗೂ, ಊದದೆ ಬಿಟ್ಟವನಿಗೂ, ಊದಿದ ಮೇಲೆ ಕೈಸನ್ನೆ ಬದಲಿಸಿದವನಿಗೂ ನಮಸ್ಕರಿಸಿ ಈ ಗ್ರಂಥವನ್ನು ಆರಂಭಿಸುತ್ತೇವೆ. ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳಿರಬೇಕೆಂದು ಹಿರಿಯರು ವಿಧಿಸಿದ್ದಾರೆ, ನಮ್ಮಲ್ಲೂ ಇವೆ. ವಿಷಯ: ರೆಫರಿಯ ತಪ್ಪು. ಅಧಿಕಾರಿ: ಸೋತ ತಂಡದ ಅಭಿಮಾನಿ (ಗೆದ್ದವನಿಗೆ ಈ ಶಾಸ್ತ್ರದಲ್ಲಿ ಆ ವಾರದ ಮಟ್ಟಿಗೆ ಅಧಿಕಾರವಿಲ್ಲ). ಸಂಬಂಧ: ಹಳೇ ದ್ವೇಷ. ಪ್ರಯೋಜನ: ಸೋಮವಾರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವಷ್ಟು ಮನಶ್ಶಾಂತಿ.

ಆಟವನ್ನೇ ಕಾಣದ ಓದುಗರಿಗಾಗಿ ಎರಡು ಮಾತು. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಮೂಲ ರಗ್ಬಿಯಿಂದ ಬೇರೆಯಾದವು. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರಿಗೆ ಆಟದ ದಿನ ತಪ್ಪಿಹೋಗುವ ಕೂಲಿಯನ್ನು ತುಂಬಿಕೊಡಬೇಕೋ ಬೇಡವೋ ಎಂಬುದು ಜಗಳ. 1908ರಲ್ಲಿ ಸಿಡ್ನಿಯಲ್ಲಿ ಇದರ ಮೊದಲ ಪಂದ್ಯಾವಳಿ ನಡೆಯಿತು. ಎರಡೂ ತಂಡಕ್ಕೆ ತಲಾ ಹದಿಮೂರು ಮಂದಿ; ಚೆಂಡು ಹಿಡಿದವನನ್ನು ಆರು ಸಲ ಕೆಡವುವವರೆಗೆ (ಒಂದೊಂದು ಕೆಡವಿಕೆಯೂ ಒಂದು ‘ಟ್ಯಾಕಲ್’) ಚೆಂಡು ಅವರದು, ಆಮೇಲೆ ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ‘ಟ್ರೈ’, ನಾಲ್ಕು ಅಂಕ. ಇಷ್ಟೇ. ಉಳಿದದ್ದೆಲ್ಲ ರೆಫರಿಯ ವಿಚಾರ.

ಈಗ ಸಿದ್ಧಾಂತಕ್ಕೆ ಬರೋಣ. ಲೋಕದಲ್ಲಿ ರೆಫರಿಯನ್ನು ಬೈಯುವುದು ಕೋಪದ ಫಲ ಎಂಬ ತಪ್ಪು ಕಲ್ಪನೆ ಬೇರೂರಿದೆ. ಅದು ಶುದ್ಧ ತರ್ಕದ ಫಲ. ನಮ್ಮ ಮೀಮಾಂಸಕರು ‘ಅರ್ಥಾಪತ್ತಿ’ ಎಂಬ ಪ್ರಮಾಣವನ್ನು ಒಪ್ಪುತ್ತಾರೆ: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಅಂದಮೇಲೆ ರಾತ್ರಿ ಉಣ್ಣುತ್ತಾನೆಂದೇ ತಿಳಿಯಬೇಕು, ಬೇರೆ ದಾರಿಯಿಲ್ಲ. ಸಿಡ್ನಿಯ ಪರಮಾಟ್ಟಾ ತಂಡದ ಅಭಿಮಾನಿಯ ವಾದ ಇದರ ಪಡಿಯಚ್ಚು. ನಮ್ಮ ತಂಡ ಸೋತಿದೆ. ನಮ್ಮ ತಂಡ ಕೆಟ್ಟದ್ದಲ್ಲ. ಈ ಎರಡು ಸತ್ಯಗಳೂ ಒಟ್ಟಿಗೆ ನಿಲ್ಲಬೇಕಾದರೆ ಮೂರನೆಯವನೊಬ್ಬನನ್ನು ಕಲ್ಪಿಸಲೇಬೇಕು. ಅವನ ಕೈಯಲ್ಲಿ ಶಿಳ್ಳೆ ಇರಬೇಕು. ಎರಡನೇ ವಾಕ್ಯವನ್ನು ಕೈಬಿಟ್ಟರೆ ಸಮಸ್ಯೆಯೇ ಇರುವುದಿಲ್ಲವಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ಪರಮಾಟ್ಟಾ ಕೊನೆಯ ಸಲ ಕಪ್ ಎತ್ತಿದ್ದು 1986ರಲ್ಲಿ. ಅಂದಿನಿಂದ ಆ ವಾಕ್ಯವನ್ನು ಕಾಪಾಡಿಕೊಂಡು ಬಂದವರಿಗೆ ಅದನ್ನು ಕೈಬಿಡು ಎನ್ನುವುದು ಶಾಸ್ತ್ರವಲ್ಲ, ಕ್ರೌರ್ಯ.

ಪ್ರತ್ಯಕ್ಷ ಪ್ರಮಾಣದ ಗತಿ ಈ ದೇಶದಲ್ಲಿ ವಿಚಿತ್ರವಾಗಿದೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ ಎಂಬುದು ಆಟದ ಮೂಲನಿಯಮ. 2016ರಲ್ಲಿ ಸಿಡ್ನಿಯಲ್ಲಿ ಪರದೆಗಳ ಸಾಲೇ ತುಂಬಿದ ಒಂದು ಕೋಣೆ ಕಟ್ಟಿ, ಅದಕ್ಕೆ ‘ಬಂಕರ್’ ಎಂದು ಹೆಸರಿಟ್ಟು, ಎಲ್ಲ ಮೈದಾನಗಳ ವಿಡಿಯೋ ತೀರ್ಪನ್ನೂ ಅಲ್ಲಿಗೆ ಒಪ್ಪಿಸಿದರು. ಆ ಕೋಣೆ ಆಟಗಾರನ ಬೆರಳ ತುದಿ ಚೆಂಡಿಗೆ ತಾಗಿತೋ ಇಲ್ಲವೋ ನೋಡಬಲ್ಲದು, ಬೂಟಿನ ಅಂಚು ಗೆರೆ ಸೋಕಿತೋ ಇಲ್ಲವೋ ನೋಡಬಲ್ಲದು. ಚೆಂಡನ್ನು ಮುಂದಕ್ಕೆಸೆದದ್ದನ್ನು, ಅಂದರೆ ಫಾರ್ವರ್ಡ್ ಪಾಸನ್ನು ಮಾತ್ರ ನೋಡುವಂತಿಲ್ಲ. ಅದು ಮೈದಾನದಲ್ಲಿರುವವರ ಕಣ್ಣಿಗೇ ಬಿಟ್ಟ ವಿಷಯ. ಬ್ರಿಸ್ಬೇನಿನ ಪಬ್ಬಿನಲ್ಲಿ ಕೂತವನಿಗೆ ಕಾಣುತ್ತದೆ, ಆಕ್ಲೆಂಡಿನಲ್ಲಿ ಮಗುವಿಗೆ ಹಾಲು ಕುಡಿಸುತ್ತಾ ಟೀವಿ ನೋಡುವವಳಿಗೆ ಕಾಣುತ್ತದೆ. ಕಾಣಲೆಂದೇ ಸಂಬಳ ಪಡೆಯುವವನು ಮಾತ್ರ ಕಂಡರೂ ಕಾಣದಂತಿರಬೇಕು. ಇಂಥ ಸಂಯಮ ಯಾವ ಮಠದಲ್ಲೂ ಇಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಓಡುವವನು ಹಿಂದಕ್ಕೆಂದೇ ಎಸೆದ ಚೆಂಡು ಅವನ ಓಟದ ವೇಗವನ್ನೂ ಹೊತ್ತುಕೊಂಡು ಹೋಗುತ್ತದೆ. ಸೆಕೆಂಡಿಗೆ ಎಂಟು ಮೀಟರ್ ಓಡುತ್ತಿರುವವನು ಎರಡು ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಿದರೆ, ನೆಲದ ಲೆಕ್ಕದಲ್ಲಿ ಚೆಂಡು ಆರು ಮೀಟರ್ ವೇಗದಲ್ಲಿ ಮುಂದಕ್ಕೇ ಸಾಗುತ್ತಿರುತ್ತದೆ. ಕೈ ಬಿಟ್ಟಾಗ ಅದರ ದಿಕ್ಕು ಯಾವುದು ಎಂಬುದಷ್ಟೇ ಪ್ರಶ್ನೆ. ಕ್ಯಾಮೆರಾ ಓರೆಯಾಗಿದ್ದರೆ ಆ ದಿಕ್ಕೂ ಸುಳ್ಳು ಹೇಳುತ್ತದೆ. ಗೆಲಿಲಿಯೋ 1632ರಲ್ಲೇ ಚಲಿಸುವ ಹಡಗಿನ ಒಳಗೆ ನಿಂತವನ ಉದಾಹರಣೆ ಕೊಟ್ಟು ಇದನ್ನು ಬಗೆಹರಿಸಿದ್ದ. ಅಭಿಮಾನಿಗಳು ಗೆಲಿಲಿಯೋನನ್ನು ಪೂರ್ತಿ ಒಪ್ಪುತ್ತಾರೆ, ತಮ್ಮವರು ಪಾಸ್ ಕೊಟ್ಟಾಗ. ಎದುರಾಳಿ ಕೊಟ್ಟಾಗ ಭೂಮಿ ಸ್ಥಿರವಾಗಿದ್ದು ಚೆಂಡು ಮಾತ್ರ ಚಲಿಸುತ್ತದೆ.

ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಹಿಂದೆ ತಾವೇ ರೆಫರಿಯಾಗಿದ್ದು, ನ್ಯೂ ಸೌತ್ ವೇಲ್ಸಿನ ಕ್ರೀಡಾ ಸಚಿವರೂ ಆಗಿದ್ದ ಗ್ರಹಾಂ ಆನ್ಸ್ಲಿ, 2019ರಿಂದ ಹಲವು ವರ್ಷ ಪಂದ್ಯಾವಳಿ ನಡೆಸುವ ಲೀಗಿನ ಪರವಾಗಿ ಸೋಮವಾರದ ಹೊತ್ತಿಗೆ ಪತ್ರಕರ್ತರ ಮುಂದೆ ಕೂತು, ವಾರಾಂತ್ಯದ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ವಿಡಿಯೋ ಹಾಕಿ ವಿವರಿಸುತ್ತಿದ್ದರು. ಪ್ರಪಂಚದಲ್ಲಿ ಇಷ್ಟು ನಿಯಮಬದ್ಧವಾಗಿ ಪ್ರಾಯಶ್ಚಿತ್ತ ನಡೆಸಿಕೊಂಡ ಸಂಸ್ಥೆ ಅಪರೂಪ. ಆದರೆ ಅಭಿಮಾನಿಗಳ ಶಾಸ್ತ್ರದಲ್ಲಿ ಆಪ್ತವಾಕ್ಯಕ್ಕೆ ಒಂದು ಉಪನಿಯಮವಿದೆ. ತಪ್ಪಾಯಿತು ಎಂದು ಆನ್ಸ್ಲಿ ಹೇಳಿದರೆ, ಅದು ನಮ್ಮ ವಾದಕ್ಕೆ ಸಾಕ್ಷಿ. ಸರಿಯಿತ್ತು ಎಂದು ಹೇಳಿದರೆ, ಮುಚ್ಚಿಹಾಕುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ. ಎರಡೂ ಬದಿಯಿಂದ ಸಾಕ್ಷಿ ನುಡಿಯುವ ಸಾಕ್ಷಿದಾರ ಸಿಕ್ಕುವುದು ವಕೀಲರ ಪೂರ್ವಜನ್ಮದ ಪುಣ್ಯ.

2022ರ ಜುಲೈನಲ್ಲಿ ವೆಸ್ಟ್ಸ್ ಟೈಗರ್ಸ್ ತಂಡ ಟೌನ್ಸ್‌ವಿಲ್‌ನಲ್ಲಿ ಕೌಬಾಯ್ಸ್ ಎದುರು 26-25ರಿಂದ ಮುಂದಿತ್ತು, ಸಮಯ ಮುಗಿದಿತ್ತು. ಕೌಬಾಯ್ಸ್ ‘ಕ್ಯಾಪ್ಟನ್ಸ್ ಚಾಲೆಂಜ್’, ಅಂದರೆ ತೀರ್ಪಿನ ಮರುಪರಿಶೀಲನೆ ಕೇಳಿತು. ಬಂಕರ್ ಹುಡುಕಿ ಒಂದು ಪೆನಾಲ್ಟಿ ಕೊಟ್ಟಿತು. ವ್ಯಾಲಂಟೈನ್ ಹೋಮ್ಸ್ ಒದ್ದರು, 27-26. ಆ ಪೆನಾಲ್ಟಿ ಕೊಡಬಾರದಿತ್ತು ಎಂದು ಮರುದಿನ ಲೀಗೇ ಒಪ್ಪಿಕೊಂಡಿತು. ಅಂಕ ಮಾತ್ರ ಹಿಂದಿರುಗಲಿಲ್ಲ. ಇದರಿಂದ ಟೈಗರ್ಸ್ ಅಭಿಮಾನಿಗಳಿಗೆ ಸಿಕ್ಕಿದ್ದು ಒಂದು ಪಂದ್ಯದ ನ್ಯಾಯವಲ್ಲ, ಅದಕ್ಕಿಂತ ದೊಡ್ಡದು: ಹಿಂದಿನ, ಮುಂದಿನ ಎಲ್ಲ ಸೋಲುಗಳಿಗೂ ಅನ್ವಯಿಸಬಹುದಾದ ಅಧಿಕೃತ ಪೂರ್ವನಿದರ್ಶನ.

ಆರರವರೆಗೆ ಎಣಿಸುವುದು ಹೇಗೆ ಎಂಬ ಗಣಿತ ಪ್ರಕರಣವನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಅದು ಸುಲಭವೆಂದು ಎಲ್ಲರೂ ತಿಳಿದಿದ್ದಾರೆ. 2013ರ ಎಲಿಮಿನೇಷನ್ ಫೈನಲಿನಲ್ಲಿ ಕ್ರೊನಲ್ಲಾ ತಂಡ ಏಳನೇ ಟ್ಯಾಕಲಿನಲ್ಲಿ ಟ್ರೈ ಹೊಡೆದು 20-18ರಿಂದ ಗೆದ್ದಿತು. ಆಗ ಮೈದಾನದಲ್ಲಿ ಇಬ್ಬರು ರೆಫರಿಗಳಿದ್ದರು, ಗೆರೆಗಳಲ್ಲಿ ಇಬ್ಬರು ಟಚ್ ಜಡ್ಜ್‌ಗಳಿದ್ದರು. ಆರನ್ನು ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದೂವರೆ ಬರುತ್ತದೆ. ಆ ಅರ್ಧಗಳನ್ನು ಕೂಡಿಸುವಾಗ ಏನೋ ಆಗಿರಬೇಕೆಂದು ನಮ್ಮ ಊಹೆ. ಬರೀ ಎಣಿಕೆ ತಪ್ಪಿದರೆ ಪರವಾಗಿಲ್ಲ. 2019ರ ಗ್ರ್ಯಾಂಡ್ ಫೈನಲಿನಲ್ಲಿ ಎಣಿಕೆ ಸರಿಯಾಗಿಯೇ ಮುಗಿದು ಸನ್ನೆ ತಪ್ಪಿತು. 8-8ರ ಸಮಸ್ಥಿತಿಯಲ್ಲಿ ರೆಫರಿ ಬೆನ್ ಕಮಿನ್ಸ್ ಕೈ ಬೀಸಿ ಹೊಸದಾಗಿ ಆರು ಎಂದರು, ಮರುಕ್ಷಣ ಅಲ್ಲ, ಇದೇ ಕೊನೆಯದು ಎಂದರು. ಆದರೆ ಕ್ಯಾನ್ಬೆರಾದ ಜ್ಯಾಕ್ ವೈಟನ್ ಮೊದಲ ಸನ್ನೆಯನ್ನಷ್ಟೇ ನಂಬಿ ಆರಾಮವಾಗಿ ಕೆಳಗೆ ಬಿದ್ದರು. ಚೆಂಡು ಸಿಡ್ನಿ ರೂಸ್ಟರ್ಸ್‌ಗೆ ಹೋಯಿತು, ಅದೇ ಸರದಿಯಲ್ಲಿ ಟೆಡೆಸ್ಕೊ ಟ್ರೈ, 14-8. ಕೊನೆಗೆ ಕೊಟ್ಟ ತೀರ್ಪೇ ಸರಿ ಎಂದು ಅಧಿಕಾರಿಗಳು ವಿವರಿಸಿದರು. ಸರಿಯಾದ ತೀರ್ಪಿನಿಂದ ಆದ ಅನ್ಯಾಯ ಎಂಬ ಹೊಸ ವರ್ಗವೊಂದು ತರ್ಕಶಾಸ್ತ್ರಕ್ಕೆ ಸೇರಿದ್ದು ಹೀಗೆ. ಕ್ಯಾನ್ಬೆರಾದವರ ಮುಂದೆ ಆರು ಎಂಬ ಅಂಕೆಯನ್ನು ಹೇಳಬೇಕಾದಾಗ ಐದಕ್ಕೊಂದು ಕೂಡಿಸಿ ಎನ್ನುವುದು ಕ್ಷೇಮ.

ಜ್ಞಾನಮೀಮಾಂಸೆಯ ಶಿಖರ ಇರುವುದು 1999ರ ಗ್ರ್ಯಾಂಡ್ ಫೈನಲಿನಲ್ಲಿ. ಸಿಡ್ನಿಯ ಒಲಿಂಪಿಕ್ ಕ್ರೀಡಾಂಗಣ, ಲಕ್ಷ ಮೀರಿದ ಜನ. ಸೇಂಟ್ ಜಾರ್ಜ್ ಇಲ್ಲವಾರಾ ಅರ್ಧ ಆಟಕ್ಕೆ 14-0 ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಮೆಲ್ಬರ್ನ್ ತಂಡದ ಕ್ರೇಗ್ ಸ್ಮಿತ್ ಎತ್ತರದಿಂದ ಬಂದ ಚೆಂಡನ್ನು ಗೆರೆಯಾಚೆ ಹಿಡಿದು ಬೀಳುವಷ್ಟರಲ್ಲಿ ಜೇಮಿ ಏನ್ಸ್‌ಕೊ ಅವರ ತೋಳು ಅವರ ತಲೆಗೆ ಬಡಿದು ಚೆಂಡು ಜಾರಿತು. ವಿಡಿಯೋ ರೆಫರಿಯನ್ನು ಕೇಳಿ, ರೆಫರಿ ಬಿಲ್ ಹ್ಯಾರಿಗನ್ ಪೆನಾಲ್ಟಿ ಟ್ರೈ ಕೊಟ್ಟರು. ಒದೆತ ಕಂಬಗಳ ನೇರ ಎದುರಿನಿಂದ, 20-18. ಪೆನಾಲ್ಟಿ ಟ್ರೈ ಎಂದರೇನೆಂದು ಓದುಗರು ಗಮನಿಸಬೇಕು: ಆ ಹೊಡೆತ ಬೀಳದಿದ್ದರೆ ಟ್ರೈ ಆಗುತ್ತಿತ್ತು ಎಂದು ರೆಫರಿಗೆ ಅನ್ನಿಸಿದರೆ ಆಗಿದೆ ಎಂದೇ ಲೆಕ್ಕ. ನಡೆಯದೇ ಹೋದ ಘಟನೆಗೆ ನಾಲ್ಕು ಅಂಕ! ನೈಯಾಯಿಕರು ಪ್ರಾಗಭಾವ, ಪ್ರಧ್ವಂಸಾಭಾವ ಎಂದು ಅಭಾವಗಳನ್ನು ಎಣಿಸಿ ಸುಸ್ತಾದರು. ಅಭಾವಕ್ಕೆ ಒದೆಯುವ ಹಕ್ಕನ್ನೂ ಕೊಡಬಹುದೆಂದು ಅವರಿಗೂ ಹೊಳೆಯಲಿಲ್ಲ. ಅದೇ ಪಂದ್ಯದಲ್ಲಿ ಸೇಂಟ್ ಜಾರ್ಜಿನ ಆಂಟನಿ ಮಂಡೀನ್ ಗೆರೆ ದಾಟಿ ಹಾರಿ ಚೆಂಡು ಕೈಬಿಟ್ಟಿದ್ದರು. ಆ ಅಭಾವದ ಕುರಿತು ಆ ತಂಡದ ಅಭಿಮಾನಿಗಳಲ್ಲಿ ಸಾಹಿತ್ಯ ವಿರಳ.

2020ರಿಂದ ಜಾರಿಗೆ ಬಂದ ‘ಸಿಕ್ಸ್ ಅಗೇನ್’ ಈ ಶಾಸ್ತ್ರಕ್ಕೆ ಸುವರ್ಣಯುಗ ತಂದಿದೆ. ಕೆಲವು ತಪ್ಪುಗಳಿಗೆ ಪೆನಾಲ್ಟಿ ಬದಲು ಆರು ಟ್ಯಾಕಲ್ ಹೊಸದಾಗಿ. ಆಟ ನಿಲ್ಲದು, ಗಂಟೆ ಬಾರಿಸುತ್ತದೆ. ಪೆನಾಲ್ಟಿಯಾದರೆ ಯಾಕೆಂದು ಹೇಳಬೇಕಿತ್ತು. ಈಗ ಗಂಟೆ ಬಾರಿಸಿದೆ, ಯಾವ ತಪ್ಪಿಗೆಂದು ಎಲ್ಲರೂ ಅವರವರ ಭಕ್ತಿಗೆ ತಕ್ಕಂತೆ ತಿಳಿದುಕೊಳ್ಳಬಹುದು. ವ್ಯಾಖ್ಯಾನಕಾರರ ಪಾಲಿಗೆ ಮೂಲವೇ ಇಲ್ಲದ ಗ್ರಂಥ ಸಿಕ್ಕಿದಂತಾಗಿದೆ.

ಇನ್ನು ಫೈನಲ್ಸ್ ಓಟ. 2023ರಿಂದ ಲೀಗಿನಲ್ಲಿ ಹದಿನೇಳು ತಂಡಗಳು, ಅವುಗಳಲ್ಲಿ ಒಂಬತ್ತು ಸಿಡ್ನಿ ಸುತ್ತಮುತ್ತಲಿನವೇ. ಮೇಲಿನ ಎಂಟಕ್ಕೆ ಮಾತ್ರ ಫೈನಲ್ಸ್ ಯೋಗ. ಹೀಗಾಗಿ ಒಂಬತ್ತನೆಯ ಸ್ಥಾನವೆಂಬುದು ಒಂದು ಸ್ಥಾನವಲ್ಲ, ಒಂದು ದರ್ಶನ. ವೆಸ್ಟ್ಸ್ ಟೈಗರ್ಸ್ 2016, 2018, 2019ರಲ್ಲಿ ಒಂಬತ್ತನೆಯದಾಗಿ ನಿಂತಿತು. 2012ರಿಂದ 2025ರವರೆಗೆ ಒಮ್ಮೆಯೂ ಎಂಟರೊಳಗೆ ಬರಲಿಲ್ಲ. 2022ರಿಂದ ಮೂರು ವರ್ಷ ಸತತವಾಗಿ ಕಟ್ಟಕಡೆಯ ತಂಡಕ್ಕೆ ಸಲ್ಲುವ ‘ಮರದ ಚಮಚ’ ಪಡೆಯಿತು. ಕೊನೆಯ ಸ್ಥಾನ ಅಷ್ಟು ನೋಯಿಸದು. ಅಲ್ಲಿ ಲೆಕ್ಕ ಇಲ್ಲ. ಒಂಬತ್ತರವನಿಗೆ ಆಗಸ್ಟಿನುದ್ದಕ್ಕೂ ಲೆಕ್ಕವಿದೆ: ನಾವು ಗೆದ್ದು, ಅವರು ಸೋತು, ಇವರಿಬ್ಬರು ಡ್ರಾ ಮಾಡಿಕೊಂಡು, ಅಂಕ ಸಮವಾಗಿ, ಹೊಡೆದ ಅಂಕದಿಂದ ಹೊಡೆಸಿಕೊಂಡ ಅಂಕ ಕಳೆದಾಗ ನಮ್ಮದು ಹೆಚ್ಚಿದ್ದು... ‘ಗಣಿತದ ಪ್ರಕಾರ ಇನ್ನೂ ಜೀವಂತ’ ಎಂಬ ಮಾತನ್ನು ಈ ಜನ ವೈದ್ಯರ ಗಾಂಭೀರ್ಯದಿಂದ ಆಡುತ್ತಾರೆ.

ಒಳಗೆ ಹೋಗಿ ಸಾಧಿಸುವುದಾದರೂ ಏನು? ಎಂಟು ತಂಡಗಳ ಫೈನಲ್ಸ್ ಬಂದ ವರ್ಷ, 1995ರಲ್ಲಿ, ಬುಲ್‌ಡಾಗ್ಸ್ ಆರನೇ ಸ್ಥಾನದಿಂದ ಬಂದು ಕಪ್ ಗೆದ್ದರು. 1999ರಿಂದ 2025ರವರೆಗೆ ಮೊದಲ ನಾಲ್ಕರ ಹೊರಗಿನ ಯಾವ ತಂಡವೂ ಗೆದ್ದಿಲ್ಲ. 2009ರಲ್ಲಿ ಪರಮಾಟ್ಟಾ ಎಂಟನೇ ಸ್ಥಾನದಿಂದ ಗ್ರ್ಯಾಂಡ್ ಫೈನಲ್ ತಲುಪಿ ಸೋತಿತು. ಗೆದ್ದ ಮೆಲ್ಬರ್ನ್ ಆಟಗಾರರ ಸಂಬಳಕ್ಕೆ ಲೀಗ್ ವಿಧಿಸಿದ ಮಿತಿಯನ್ನು ಮೀರಿತ್ತೆಂದು ಮರುವರ್ಷ ಕಪ್ ಕಿತ್ತುಕೊಂಡರು, ಅದನ್ನು ಪರಮಾಟ್ಟಾಕ್ಕೂ ಕೊಡಲಿಲ್ಲ. ಎಂಟನೇ ಸ್ಥಾನಕ್ಕಾಗಿ ಪ್ರಾಣ ಬಿಡುವವರಿಗೆ ಈ ಅಂಕಿಅಂಶ ಹೇಳಿ ನೋಡಿ; ನೀವು ರೆಫರಿಯ ಬಂಧುವೆಂದು ತೀರ್ಮಾನಿಸುತ್ತಾರೆ.

ಆಸೆಗೆ ಆಯುಷ್ಯ ಎಷ್ಟೆಂಬುದಕ್ಕೆ ಕ್ರೊನಲ್ಲಾ ಮಾನದಂಡ. ತಂಡ ಲೀಗಿಗೆ ಸೇರಿದ್ದು 1967ರಲ್ಲಿ; ಅದೇ ವರ್ಷ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ಹೋಲ್ಟ್ ಸಮುದ್ರಕ್ಕೆ ಈಜಲು ಇಳಿದವರು ಮರಳಲೇ ಇಲ್ಲ. ಕ್ರೊನಲ್ಲಾ ಗೆಲ್ಲುವುದನ್ನು ಕಾಯುವುದು ಹೋಲ್ಟ್ ಬರುತ್ತಾರೆಂದು ಜಗಲಿಯ ದೀಪ ಉರಿಸಿಟ್ಟಂತೆ ಎಂಬ ಚಟಾಕಿ ಕೋಚ್ ಜ್ಯಾಕ್ ಗಿಬ್ಸನ್ ಹೆಸರಿನಲ್ಲಿ ಪ್ರಸಿದ್ಧ. 2016ರಲ್ಲಿ ತಂಡ ಗೆದ್ದೇ ಬಿಟ್ಟಾಗ ನಾಯಕ ಪಾಲ್ ಗ್ಯಾಲನ್ ಇನ್ನು ದೀಪ ಆರಿಸಿ ಎಂದರು.

ಗೆದ್ದವರಿಗೆ ಕೊಡುವ ಕಪ್ಪನ್ನೂ ಪರೀಕ್ಷಿಸಿದ್ದೇವೆ. ಅದರ ಮೇಲೆ ಕೆಸರು ಮೆತ್ತಿದ ಇಬ್ಬರು ತಬ್ಬಿ ನಿಂತಿದ್ದಾರೆ: ಸೇಂಟ್ ಜಾರ್ಜಿನ ಎತ್ತರದ ನಾರ್ಮ್ ಪ್ರೊವನ್, ವೆಸ್ಟ್ಸ್‌ನ ಗಿಡ್ಡ ಆರ್ಥರ್ ಸಮ್ಮನ್ಸ್. 1963ರ ಗ್ರ್ಯಾಂಡ್ ಫೈನಲ್ ಮುಗಿದಾಗ ಜಾನ್ ಓಗ್ರೇಡಿ ತೆಗೆದ ಛಾಯಾಚಿತ್ರವದು. ಸೇಂಟ್ ಜಾರ್ಜ್ 8, ವೆಸ್ಟ್ಸ್ 3. ಶಾಲೆಗಳಲ್ಲಿ ಇದನ್ನು ಸೌಹಾರ್ದದ ಪ್ರತಿಮೆಯೆಂದು ತೋರಿಸಬಹುದು. ಸಮ್ಮನ್ಸ್ ಅವರೇ ಮುಂದೆ ಹೇಳಿಕೊಂಡಂತೆ, ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿದ್ದದ್ದು ರೆಫರಿಯ ಮೇಲಿನ ಸಿಟ್ಟು. ಅಂದರೆ ವರ್ಷವರ್ಷವೂ ಹದಿನೇಳು ತಂಡ ಬಡಿದಾಡುವುದು ರೆಫರಿಯ ಮೇಲಿನ ಒಂದು ದೂರನ್ನು ಲೋಹದಲ್ಲಿ ಎರಕ ಹೊಯ್ದು ಮನೆಗೆ ಒಯ್ಯಲಿಕ್ಕೆ. ಇದಕ್ಕಿಂತ ಬಲವಾದ ಆಗಮಪ್ರಮಾಣ ನಮಗೆ ಬೇಡ.

ಮುಂದಿನ ಸಂಶೋಧಕರಿಗೆ ಒಂದು ಸಮಸ್ಯೆಯನ್ನು ಉಳಿಸಿದ್ದೇವೆ. ಹದಿನೇಳು ಬೆಸಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಯಾರಾದರೂ ಸುಮ್ಮನಿರಲೇಬೇಕು. ಇಪ್ಪತ್ತೇಳು ಸುತ್ತುಗಳಲ್ಲಿ ಪ್ರತಿ ತಂಡಕ್ಕೂ ಇಪ್ಪತ್ತನಾಲ್ಕು ಪಂದ್ಯ, ಮೂರು ‘ಬೈ’. ಆಡದಿದ್ದರೂ ಬೈಗೆ ಗೆಲುವಿನಷ್ಟೇ, ಎರಡು ಅಂಕ. ಆ ವಾರ ಎದುರಾಳಿಯಿಲ್ಲ, ಚೆಂಡಿಲ್ಲ, ಶಿಳ್ಳೆಯಿಲ್ಲ, ಬಂಕರ್ ಇಲ್ಲ. ಆದರೂ ನಮ್ಮ ಬೈ ತಪ್ಪು ವಾರದಲ್ಲಿ ಬಂತು, ಅವರದು ಬೇಕಾದಾಗಲೇ ಬಂತು ಎಂಬ ಪಕ್ಷ ಬಲವಾಗಿದೆ. ಆ ವಾರದ ರೆಫರಿ ಯಾರಿದ್ದರೆಂಬುದು ಇನ್ನೂ ಪತ್ತೆಯಾಗಬೇಕಿದೆ.